ಮರಳುಗಾಡಿನ ಅಂಚಿನಲ್ಲಿ ಹವಳ

ಪ್ರಶ್ನೆ: ಈಜಿಪ್ಟ್ ಪ್ರವಾಸದಲ್ಲಿ ಶರ್ಮ್ ಎಲ್ ಶೇಖ್ ಹತ್ತಿರದ ರಾಸ್ ಮೊಹಮ್ಮದ್ ರಾಷ್ಟ್ರೀಯ ಉದ್ಯಾನಕ್ಕೂ ಹೋಗುವವರಿದ್ದೇವೆ. ಮಳೆಯೇ ಅಪರೂಪವಾದ ಮರಳುಗಾಡಿಗೆ ಅಂಟಿಕೊಂಡು ಅಷ್ಟೊಂದು ಹವಳ ಬೆಳೆದದ್ದು ಹೇಗೆ? ದಡದಲ್ಲಿ ಬಿದ್ದಿರುವ ಸತ್ತ ಹವಳದ ಚೂರೊಂದನ್ನು ನೆನಪಿಗೆಂದು ತರಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ದಯವಿಟ್ಟು ತರಬೇಡಿ. ಈಜಿಪ್ಟಿನ 1983ರ 102ನೇ ಕಾನೂನಿನ ಪ್ರಕಾರ ಸಂರಕ್ಷಿತ ಪ್ರದೇಶದಿಂದ ಹವಳ, ಚಿಪ್ಪು, ಕಲ್ಲು, ಮಣ್ಣು ಏನನ್ನೂ ಒಯ್ಯುವಂತಿಲ್ಲ. ರಾಸ್ ಮೊಹಮ್ಮದ್ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾದದ್ದೂ ಅದೇ ವರ್ಷ.

ಇನ್ನು ಮೊದಲನೆಯದು. ಹವಳದ ಜೀವಿಯ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಾಗಿರುತ್ತದೆ. ಅದು ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಉಣಿಸುತ್ತದೆ. ನೀರು ಕದಡಿ ಬೆಳಕು ತಗ್ಗಿದರೆ ಇಬ್ಬರಿಗೂ ಉಪವಾಸ. ಅಲ್ಲಿನ ಕೆಂಪು ಸಮುದ್ರಕ್ಕೆ ವರ್ಷವಿಡೀ ಹರಿದು ಬರುವ ನದಿ ಒಂದೂ ಇಲ್ಲ, ಹಾಗಾಗಿ ಹೂಳೂ ತೀರಾ ಕಡಿಮೆ. ಉದ್ಯಾನವಿರುವ ಸಿನಾಯ್ ಪರ್ಯಾಯ ದ್ವೀಪದ ಬೋಳು ಬೆಟ್ಟಗಳು ಅಷ್ಟು ಒಣಗಿರುವುದಕ್ಕೇ ಅವುಗಳ ಬುಡದ ನೀರು ಅಷ್ಟು ತಿಳಿ. ನೆಲವನ್ನು ಕಾಪಾಡದೆ ಕಡಲನ್ನಷ್ಟೇ ಕಾಪಾಡುತ್ತೇವೆಂದರೆ ಅಲ್ಲಿ ನಡೆಯದು. ಮರಳು, ಹವಳ ಎರಡನ್ನೂ ಒಂದೇ ಉದ್ಯಾನದೊಳಗೆ ಸೇರಿಸಿದ್ದು ನನಗೆ ತುಂಬ ಮೆಚ್ಚುಗೆಯಾದ ಸಂಗತಿ.

ಉದ್ಯಾನದೊಳಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಾಲುವೆಯನ್ನು ತಪ್ಪಿಸಿಕೊಳ್ಳಬೇಡಿ. ಎಲ್ಲರೂ ಮೀನು ನೋಡುವ ಆತುರದಲ್ಲಿ ಅದನ್ನು ದಾಟಿ ಹೋಗಿಬಿಡುತ್ತಾರೆ. ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಮೇಲೆದ್ದಿರುವುದು ಗಿಡದ ಉಸಿರಾಟದ ಬೇರುಗಳು. ತುಳಿಯದಂತೆ ನಿಂತು ಒಂದು ಎಲೆಯನ್ನು ಹತ್ತಿರದಿಂದ ನೋಡಿ. ಮೇಲೆ ಉಪ್ಪಿನ ಸಣ್ಣ ಹರಳುಗಳು ಹೊಳೆಯುತ್ತಿರುತ್ತವೆ. ಬೇರು ಹೀರಿದ ನೀರಿನ ಜೊತೆ ಬಂದ ಉಪ್ಪನ್ನು ಗಿಡ ಎಲೆಯ ಮೂಲಕ ಹೊರಹಾಕುವ ಬಗೆ ಅದು.

ಪಕ್ಕದ ಅಕಾಬಾ ಕೊಲ್ಲಿಯ ಕೆಲವು ಹವಳಗಳು ಪ್ರಯೋಗಗಳಲ್ಲಿ ಅಲ್ಲಿನ ಬೇಸಿಗೆಯ ನೀರಿಗಿಂತ ಐದಾರು ಡಿಗ್ರಿ ಹೆಚ್ಚಿನ ಬಿಸಿಯನ್ನೂ ತಾಳಿಕೊಂಡಿವೆ. ಅವುಗಳ ಪೂರ್ವಜರು ಕೆಂಪು ಸಮುದ್ರದ ದಕ್ಷಿಣದ ಕಾದ ನೀರನ್ನು ಹಾದು ಉತ್ತರಕ್ಕೆ ಬಂದವು, ತಾಳದವು ದಾರಿಯಲ್ಲೇ ಅಳಿದವು ಎಂಬುದು ವಿಜ್ಞಾನಿಗಳ ವಿವರಣೆ. ಹಾಗೆಂದು ಈಜುಗಾರನ ಕಾಲಿನ ಪೆಟ್ಟನ್ನು ಅವು ತಾಳಲಾರವು. ಬಂಡೆಯಂತೆ ದುಂಡಗೆ ಬೆಳೆಯುವ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್.

ಆದ್ದರಿಂದ ಗುರುತು ಹಾಕಿದ ಜಾಗದಲ್ಲೇ ನೀರಿಗಿಳಿಯಿರಿ, ದಣಿವಾದರೆ ಹವಳದ ಮೇಲೆ ನಿಲ್ಲದೆ ಮಲಗಿ ತೇಲಿ. ಮೈತುಂಬ ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ಪೂರ್ತಿ ತೋಳಿನ ಈಜುಡುಗೆ ಒಯ್ಯಿರಿ. ಸನ್‌ಸ್ಕ್ರೀನಿನ ಕೆಲವು ರಾಸಾಯನಿಕಗಳು ಹವಳಕ್ಕೆ ಹಾನಿಕರ.