ಐಡಿ ಕಾರ್ಡಿನ ಚಿಪ್ ಮನೆವರೆಗೂ ಬರುತ್ತದಾ?

ಪ್ರಶ್ನೆ: ಮಗಳು ಆರನೇ ಕ್ಲಾಸು, ಖಾಸಗಿ ಶಾಲೆ. ಈ ವರ್ಷ ಆರ್‌ಎಫ್‌ಐಡಿ ಚಿಪ್ ಇರುವ ಐಡಿ ಕಾರ್ಡ್ ಕೊಟ್ಟಿದ್ದಾರೆ. ಅವಳು ಬಸ್ ಹತ್ತಿದರೆ, ಗೇಟ್ ದಾಟಿದರೆ ನನಗೆ ಮೆಸೇಜ್ ಬರುತ್ತದೆ. ಶಾಲೆ ಬಿಟ್ಟ ಮೇಲೂ ಅವಳೆಲ್ಲಿದ್ದಾಳೆ ಅಂತ ಯಾರಾದರೂ ನೋಡಬಹುದಾ? ಕಾರ್ಡ್ ಬೇಡ ಅನ್ನಬಹುದಾ?
– ಒಬ್ಬ ತಾಯಿ, ಮೈಸೂರು

ಉತ್ತರ: ಗಾಬರಿ ಬೇಡಮ್ಮಾ. ಇಂಥ ಕಾರ್ಡಿನಲ್ಲಿ ಸಾಮಾನ್ಯವಾಗಿ ಬ್ಯಾಟರಿಯೂ ಇರುವುದಿಲ್ಲ, ಜಿಪಿಎಸ್ಸೂ ಇರುವುದಿಲ್ಲ. ರೀಡರ್, ಅಂದರೆ ಕಾರ್ಡ್ ಓದುವ ಮಷಿನ್, ಬಿಡುವ ರೇಡಿಯೊ ಅಲೆ ತಾಗಿದಾಗ ಎಚ್ಚರಾಗಿ, ತನ್ನ ನಂಬರ್ ಹೇಳಿ ಸುಮ್ಮನಾಗುತ್ತದೆ. ಮಷಿನ್‌ಗೆ ತಾಗಿಸಬೇಕಾದ ಕಾರ್ಡನ್ನು ಕೆಲವೇ ಸೆಂಟಿಮೀಟರ್ ದೂರದಿಂದ ಓದಬಹುದು. ತಾಗಿಸದೆ ಸುಮ್ನೆ ನಡೆದುಹೋದರೂ ಹಾಜರಿ ಬೀಳುತ್ತಿದ್ದರೆ ಅದು ಫಾಸ್ಟ್‌ಟ್ಯಾಗ್ ಜಾತಿಯದು, ಕೆಲವು ಮೀಟರ್ ದೂರಕ್ಕೂ ಸಿಗುತ್ತದೆ. ರೀಡರ್ ಇಲ್ಲದ ನಿಮ್ಮ ಬೀದಿಯಲ್ಲಿ ಎರಡೂ ಬರೀ ಪ್ಲಾಸ್ಟಿಕ್.

ನನಗೆ ಚಿಂತೆ ಇರುವುದು ಹಿಂದೆ ಬೆಳೆಯುತ್ತಿರುವ ಲೆಕ್ಕದ್ದು. ಮಗು ದಿನಾ ಎಷ್ಟು ಗಂಟೆಗೆ, ಯಾವ ಸ್ಟಾಪಿನಲ್ಲಿ ಇಳಿಯುತ್ತದೆ ಅನ್ನುವುದು ಯಾವುದೋ ಕಂಪನಿಯ ಸರ್ವರಿನಲ್ಲಿ ಕೂತಿರುತ್ತದೆ, ಅಲ್ವಾ?

2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, 18 ತುಂಬದವರ ಡೇಟಾಕ್ಕೆ ಹೆತ್ತವರ ಒಪ್ಪಿಗೆ ಬೇಕು. ಮಕ್ಕಳ ಜಾಡು ಹಿಡಿಯುವುದು, ಅವರನ್ನೇ ಗುರಿಮಾಡಿ ಜಾಹೀರಾತು ತೋರಿಸುವುದು ಎರಡೂ ನಿಷಿದ್ಧ. ತಪ್ಪಿದರೆ ದಂಡ 200 ಕೋಟಿ ರೂಪಾಯಿವರೆಗೆ. ಖುಷಿಪಡುವ ಮೊದಲು ಇದನ್ನೂ ಓದಿ: 2025ರ ನವೆಂಬರಿನಲ್ಲಿ ಬಂದ ನಿಯಮಗಳು ಶಾಲೆಗಳಿಗೆ ವಿನಾಯಿತಿ ಕೊಟ್ಟಿವೆ. ಕಲಿಕೆಗೆ, ಮಕ್ಕಳ ಸುರಕ್ಷತೆಗೆ ಅಂತ ನಿಗಾ ಇಡಬಹುದು. ಬಸ್ಸಿನವರಿಗೂ ವಿನಾಯಿತಿ ಇದೆ, ಆದರೆ ಹೋಗಿಬರುವ ದಾರಿಯ ಮಟ್ಟಿಗೆ ಮಾತ್ರ. ಅದೇ ಲೆಕ್ಕ ಹಿಡಿದು ಮಗುವಿಗೆ ಟ್ಯೂಷನ್ ಜಾಹೀರಾತು ತೋರಿಸಿದರೆ ಈ ವಿನಾಯಿತಿ ಕಾಪಾಡುವುದಿಲ್ಲ. ಅಷ್ಟಕ್ಕೂ ಈ ಸೆಕ್ಷನ್ ಜಾರಿಗೆ ಬರುವುದು 2027ರ ಮೇನಲ್ಲಿ.

ಹಾಗಾಗಿ ಈ ಕಾಯ್ದೆ ತೋರಿಸಿ ಕಾರ್ಡ್ ಬೇಡ ಅನ್ನುವುದು ಕಷ್ಟ. ಜಗಳಕ್ಕಿಂತ ಒಂದು ಪತ್ರ ಜಾಸ್ತಿ ಕೆಲಸ ಮಾಡುತ್ತದೆ. ಡೇಟಾ ಯಾವ ಕಂಪನಿಯ ಬಳಿ ಇದೆ? ಎಷ್ಟು ದಿನ ಇಡುತ್ತೀರಿ? ಟಿಸಿ ತಗೊಂಡ ಮೇಲೆ ಅಳಿಸುತ್ತೀರಾ? ಬರಹದಲ್ಲೇ ಉತ್ತರ ಕೇಳಿ.

ಇವತ್ತೇ ಮಾಡಬಹುದಾದ್ದು ಒಂದಿದೆ. ಎನ್‌ಎಫ್‌ಸಿ (ತಾಗಿಸಿದ ಚಿಪ್ ಓದುವ ಸೌಲಭ್ಯ) ಇರುವ ಮೊಬೈಲಿನಲ್ಲಿ ಕಾರ್ಡ್ ಓದುವ ಆ್ಯಪ್ ಹಾಕಿ, ತಾಗಿಸುವ ಜಾತಿಯ ಕಾರ್ಡಾದರೆ ಮೊಬೈಲಿನ ಹಿಂಬದಿಗೆ ಹಿಡಿದು ನೋಡಿ. ಬರೀ ನಂಬರ್ ಬಂದರೆ ಸರಿ. ಮಗಳ ಹೆಸರು, ನಿಮ್ಮ ಫೋನ್ ನಂಬರ್ ಕಂಡರೆ ಆ ಕಾರ್ಡನ್ನು ಹಿಡಿದುಕೊಂಡೇ ಪ್ರಿನ್ಸಿಪಾಲರ ರೂಮಿಗೆ ಹೋಗಿ.