ಜಿಪ್ಸಮ್ ಗೋಡೆಯಲ್ಲೊಂದು ಕಿಂಡಿ

ಪ್ರಶ್ನೆ: ನಮ್ಮ ಫ್ಲ್ಯಾಟಿನಲ್ಲಿ ಸ್ನಾನದಮನೆಯ ಪೈಪುಗಳು ಕಾಣದಿರಲೆಂದು ಪ್ಯಾಸೇಜಿನ ಬದಿಗೆ ಜಿಪ್ಸಮ್ ಬೋರ್ಡಿನ ಗೋಡೆ ಹಾಕಿಸಿದ್ದೇವೆ. ಈಗ ಒಳಗಿನ ವಾಲ್ವ್ ತೊಟ್ಟಿಕ್ಕುತ್ತಿದೆ. ಮೇಸ್ತ್ರಿ ಇಡೀ ಬೋರ್ಡನ್ನೇ ತೆಗೆಯಬೇಕೆನ್ನುತ್ತಾರೆ. ಕಿಂಡಿ ಕೊರೆದು ಟ್ರ್ಯಾಪ್ ಡೋರ್ (ಚೌಕಟ್ಟಿನ ಸಮೇತ ಬರುವ ಪುಟ್ಟ ಬಾಗಿಲು) ಕೂರಿಸಿದರೆ ಸಾಲದೇ?
– ಓದುಗರು, ಡೊಂಬಿವಲಿ

ಉತ್ತರ: ಬೋರ್ಡನ್ನು ಬೆರಳಿನಿಂದ ಒತ್ತಿ ನೋಡಿ. ನೀರು ಕುಡಿದು ಮೆತ್ತಗಾಗಿದ್ದರೆ ಅಷ್ಟು ಭಾಗವನ್ನು ಬದಲಿಸಲೇಬೇಕು. ಗಟ್ಟಿಯಾಗಿದ್ದರೆ ಕಿಂಡಿ ಧಾರಾಳವಾಗಿ ಸಾಕು.

ಮೊದಲು ಟ್ರ್ಯಾಪ್ ಡೋರ್ ಕೊಂಡು ತನ್ನಿ. ಅದರ ಹೊರ ಅಂಚು ಮರೆಮಾಡಬಲ್ಲಷ್ಟೇ ಅಳತೆಗೆ ಕಿಂಡಿ ಕೊರೆಯಬೇಕಾದ್ದರಿಂದ, ಕೊರೆದ ಮೇಲೆ ಬಾಗಿಲು ಹುಡುಕಲು ಹೊರಟರೆ ಪೇಚಾಡಬೇಕಾಗುತ್ತದೆ. ಒಂದೇ ವಾಲ್ವಿಗೆ 300 ಮಿ.ಮೀ. ಚೌಕ ನಡೆದೀತು, ಆದರೆ ಪಾನಾ ತಿರುಗಿಸಲು ಎರಡೂ ಕೈ ಒಳಗೆ ಹೋಗಬೇಕಿದ್ದರೆ 450 ಮಿ.ಮೀ. ಒಳ್ಳೆಯದು. ಅಂದಕ್ಕಿಂತ ಕೈಗೆಟುಕುವುದು ಮುಖ್ಯ. ಮುಂಬಯಿಯ ಮಳೆಗಾಲದ ತೇವವನ್ನು ನೆನೆದರೆ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ಬಾಗಿಲಿಗಿಂತ ಅಲ್ಯೂಮಿನಿಯಂ ಅಥವಾ ಪಿವಿಸಿಯದ್ದೇ ಲೇಸು.

ಗೋಡೆಯ ಮೇಲೆ ಆಯಸ್ಕಾಂತವನ್ನು ನಿಧಾನವಾಗಿ ಸರಿಸಿದರೆ ಸ್ಕ್ರೂಗಳ ಸಾಲು ಸಿಗುತ್ತದೆ. ಅದರ ಹಿಂದೆಯೇ ಜಿಐ ಸ್ಟಡ್, ಅಂದರೆ ಬೋರ್ಡನ್ನು ಹಿಡಿದಿರುವ ಸತು ಲೇಪಿತ ಉಕ್ಕಿನ ಲಂಬ ಪಟ್ಟಿ, ಇರುತ್ತದೆ. ಸ್ಟಡ್‌ಗಳು ಸಾಮಾನ್ಯವಾಗಿ 600 ಮಿ.ಮೀ. ಅಂತರದಲ್ಲಿರುವುದರಿಂದ ಎರಡರ ನಡುವೆ ಕಿಂಡಿಗೆ ಜಾಗವಿರುತ್ತದೆ, ಸ್ಟಡ್ ಕತ್ತರಿಸುವ ಪ್ರಮೇಯ ಬರುವುದಿಲ್ಲ. ವಿದ್ಯುತ್ ಕಡಿಯುವ ಎಂಸಿಬಿ ಸ್ವಿಚ್ಚನ್ನು ಆಫ್ ಮಾಡಿ, ಮುಖ್ಯ ನೀರನ್ನೂ ನಿಲ್ಲಿಸಿ, ಗುರುತಿಸಿದ ಚೌಕದ ನಡುವೆ ಚಿಕ್ಕ ರಂಧ್ರ ಮಾಡಿ ಟಾರ್ಚ್ ಬೆಳಕಿನಲ್ಲಿ ಒಳಗೆ ನೋಡಿ. ಬೋರ್ಡಿನ ದಪ್ಪ ಬಹುಮಟ್ಟಿಗೆ 12.5 ಮಿ.ಮೀ. ಮಾತ್ರ, ಅದರಾಚೆ ಹೋದ ಗರಗಸ ಪೈಪಿಗೋ ವಯರಿಗೋ ತಾಗುತ್ತದೆ. ಆದ್ದರಿಂದ ಅಲಗಿನ ತುದಿಯಿಂದ 15 ಮಿ.ಮೀ. ಬಿಟ್ಟು ಟೇಪ್ ಸುತ್ತಿ, ಅಷ್ಟೇ ಆಳದಲ್ಲಿ ಸಣ್ಣ ಸಣ್ಣ ಎಳೆತಗಳಲ್ಲಿ ಕೊಯ್ಯಿರಿ. ಅದಕ್ಕೂ ಮುಂಚೆ ಗೆರೆಯ ಗುಂಟ ಚಾಕುವಿನಿಂದ ಮೇಲಿನ ಕಾಗದವನ್ನು ಸೀಳಿದರೆ ಅಂಚು ಹರಿದು ಬರುವುದಿಲ್ಲ. ಗ್ರೈಂಡರ್ ಬೇಡ: ಮನೆಯೆಲ್ಲ ಧೂಳಾಗುವುದಲ್ಲದೆ ಆಳವೂ ಹತೋಟಿಗೆ ಸಿಗದು. ಕೈಗರಗಸಕ್ಕೂ ಮಾಸ್ಕ್ ಇರಲಿ.

ಬರೀ ಬೋರ್ಡಿಗೆ ಬಿಗಿದ ಸ್ಕ್ರೂ, ಬಾಗಿಲನ್ನು ಕೆಲವು ಸಲ ತೆರೆದು ಮುಚ್ಚುವಷ್ಟರಲ್ಲಿ ಸಡಿಲವಾಗುತ್ತದೆ. ಅಂಚುಗಳ ಹಿಂದೆ ಜಿಐ ಚಾನೆಲ್ ತುಂಡುಗಳನ್ನು ಕೊಟ್ಟು, 25 ಮಿ.ಮೀ. ಸ್ಕ್ರೂಗಳಿಂದ ಚೌಕಟ್ಟನ್ನು ಅವಕ್ಕೇ ಬಿಗಿಯಿರಿ. ಕೊಯ್ದ ಅಂಚಿನ ಜಿಪ್ಸಮ್ ತೇವ ಹೀರುವುದರಿಂದ ಚೌಕಟ್ಟು ಕೂರಿಸುವ ಮುನ್ನ ಪ್ರೈಮರ್ ಬಳಿಯಲು ಮರೆಯಬೇಡಿ.

ಇದೆಲ್ಲ ನಿಮ್ಮ ಮನೆಯೊಳಗಿನ ಪೈಪುಗಳಿಗೆ ಮಾತ್ರ. ಆ ಗೋಡೆಯ ಹಿಂದೆ ಇಡೀ ಕಟ್ಟಡದ ಸಾಮಾನ್ಯ ಶಾಫ್ಟ್ (ಎಲ್ಲ ಮಹಡಿಗಳ ಪೈಪುಗಳು ಹಾದುಹೋಗುವ ಕೊಳವೆಯಂಥ ಜಾಗ) ಇದ್ದರೆ ಅದು ಬೆಂಕಿ ತಡೆಯುವ ಗೋಡೆಯಾಗಿರಬಹುದು. ಸೊಸೈಟಿಯ ಲಿಖಿತ ಒಪ್ಪಿಗೆಯೂ ಅಗ್ನಿನಿರೋಧಕ ಬಾಗಿಲೂ ಇಲ್ಲದೆ ಅದನ್ನು ಮುಟ್ಟಬೇಡಿ.