ಚೀಟಿ ಕೂಡಿಟ್ಟರೆ ಕೂಟ ನಿಲ್ಲುತ್ತದೆ

ಪತ್ರದ ಸಾರ: ‘ನಾವು ಎಂಟು ಮನೆಯವರು ಸೇರಿ ಸರದಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೂಟ ಮಾಡಿಕೊಂಡೆವು. ಒಂದು ಗಂಟೆಗೆ ಒಂದು ಚೀಟಿ. ಈಗ ಎಲ್ಲರೂ ಚೀಟಿ ಕೂಡಿಡುತ್ತಿದ್ದಾರೆ, ಬಳಸುವವರೇ ಇಲ್ಲ. ಹೊಸದಾಗಿ ಹೆರಿಗೆಯಾದ ಮನೆಯವರಂತೂ ಸಹಾಯ ಕೇಳುವುದೇ ಇಲ್ಲ. ಅಜ್ಜಿ–ತಾತ ನೋಡಿಕೊಂಡ ಗಂಟೆ ಲೆಕ್ಕಕ್ಕೆ ಬರುತ್ತದೆಯೇ? ಕೂಟ ಮುಚ್ಚುವುದೇ ಒಳ್ಳೆಯದೇ?’

ಮುಚ್ಚಬೇಡಿ. ವಾಷಿಂಗ್ಟನ್‌ನ ಕ್ಯಾಪಿಟಲ್ ಹಿಲ್‌ನಲ್ಲಿ ಸುಮಾರು 150 ದಂಪತಿಗಳ ಇಂಥದ್ದೇ ಕೂಟವೂ ಹೀಗೇ ನಿಂತುಹೋಗುವ ಸ್ಥಿತಿಗೆ ಬಂದಿತ್ತು. ಅದರ ಸದಸ್ಯರಾಗಿದ್ದ ಸ್ವೀನಿ ದಂಪತಿ 1977ರಲ್ಲಿ ಆ ಬಗ್ಗೆ ಒಂದು ಅರ್ಥಶಾಸ್ತ್ರ ಲೇಖನವನ್ನೇ ಬರೆದರು. ಮುಂದಕ್ಕಿರಲಿ ಎಂದು ಎಲ್ಲರೂ ಕೂಪನ್ ಉಳಿಸಿದರು. ಹೊರಗೆ ಹೋಗುವವರು ಕಡಿಮೆಯಾದಂತೆ ಗಳಿಸುವ ದಾರಿಯೂ ಕಿರಿದಾಯಿತು, ಕೈ ಇನ್ನೂ ಬಿಗಿಯಾಯಿತು. ಕೊನೆಗೆ ಹೆಚ್ಚು ಕೂಪನ್ ಹಂಚಿದಾಗ ಕೂಟ ಚೇತರಿಸಿತು. ಆಮೇಲೆ ಅತಿಯಾಗಿ ಹಂಚಿ, ಮಗು ನೋಡಿಕೊಳ್ಳುವವರೇ ಸಿಗದಂತಾಯಿತು, ಅದು ಬೇರೆ ಮಾತು.

ನೀವು ಮನೆಗೆ 10 ಗಂಟೆಯ ಚೀಟಿ ಕೊಟ್ಟು, ಕೂಟ ಬಿಟ್ಟುಹೋಗುವವರಿಂದ ಅಷ್ಟನ್ನೇ ಮರಳಿ ಪಡೆಯಿರಿ. ಯಾರ ಬಳಿಯಾದರೂ 16 ದಾಟಿದರೆ, ಖರ್ಚು ಮಾಡುವವರೆಗೂ ಅವರಿಗೆ ಸರದಿ ಬೇಡ. ಲೆಕ್ಕ ಇಡುವವರಿಗೆ ತಿಂಗಳಿಗೆ ಎರಡು ಗಂಟೆ ಸಂದಾಯ ಮಾಡಿ. ಪುಕ್ಕಟೆ ಲೆಕ್ಕ ಬೇಗ ನಿಂತುಹೋಗುತ್ತದೆ.

ಬಾಣಂತಿ ಮನೆಯನ್ನು ಮೊದಲ ಆರು ವಾರ ಈ ಲೆಕ್ಕದಿಂದ ಹೊರಗಿಡಿ. ಹಿಂತಿರುಗಿಸಲಾಗದ ಹೊತ್ತಿನಲ್ಲಿ ಸಾಲ ಮಾಡಲು ಯಾರೂ ಒಪ್ಪುವುದಿಲ್ಲ. ‘ಏನಾದರೂ ಬೇಕಿದ್ದರೆ ಹೇಳಿ’ ಎಂಬ ಮಾತಿನಿಂದ ಕೆಲಸ ಆಗದು, ಏನು ಬೇಕೆಂದು ಯೋಚಿಸುವ ಹೊರೆಯೂ ತಾಯಿಗೇ ಬೀಳುತ್ತದೆ. ‘ಗುರುವಾರ ಹತ್ತಕ್ಕೆ ಬಂದು ಬಟ್ಟೆ ಒಗೆದು, ದೊಡ್ಡ ಮಗುವನ್ನು ಎರಡು ಗಂಟೆ ಆಡಿಸುತ್ತೇನೆ, ಬರಲೇ?’ ಎಂದು ಕೇಳಿ. ಹೋದವರು ಮನೆಗೆಲಸ ಮಾಡಬೇಕು. ಕೂಸನ್ನು ತಾವು ಎತ್ತಿಕೊಂಡು ತಾಯಿಯನ್ನು ಅಡುಗೆಮನೆಗೆ ಕಳಿಸುವುದು ಸಹಾಯವಲ್ಲ. ಅಳು, ಬೇಸರ ಎರಡು ವಾರ ದಾಟಿದರೆ ವೈದ್ಯರಲ್ಲಿಗೆ ಜೊತೆಗೆ ಹೋಗಿ. ತನಗೋ ಮಗುವಿಗೋ ಹಾನಿ ಮಾಡಿಕೊಳ್ಳುವ ಯೋಚನೆ ಬಂದರೆ ಒಂಟಿಯಾಗಿ ಬಿಡದೆ ಆಗಲೇ ಕರೆದೊಯ್ಯಿರಿ.

ನೀವು ಬರೆಯದ ಒಂದು ವಿಷಯವಿದೆ: ಕಾಯಿಲೆ. ಬೆಳಿಗ್ಗೆ ಜ್ವರದ ಔಷಧ ಕುಡಿಸಿ ಮಗುವನ್ನು ಬಿಟ್ಟುಹೋಗುವ ಒಂದು ಮನೆ ಸಾಕು, ವಾರದೊಳಗೆ ಎಲ್ಲ ಮನೆಗೂ ಮುನಿಸು ಹರಡಲು. ಮಗುವನ್ನು ಕಳಿಸುವ ಮೊದಲು, ಔಷಧ ಕೊಡದೆಯೂ ಜ್ವರವಿಲ್ಲದೆ 24 ಗಂಟೆ ಕಳೆದಿರಬೇಕು. ವಾಂತಿ–ಭೇದಿ ನಿಂತು 48 ಗಂಟೆ ಕಳೆದಿರಬೇಕು. ಹೀಗೆ ಕೊನೆಗಳಿಗೆಯಲ್ಲಿ ರದ್ದಾದರೆ ಚೀಟಿ ಕಡಿತ ಬೇಡ, ಕಡಿತ ಇದ್ದರೆ ಕಾಯಿಲೆ ಮುಚ್ಚಿಡುತ್ತಾರೆ. ಪ್ರತಿ ಮಗುವಿಗೂ ಒಂದು ಕಾರ್ಡ್ ಇರಲಿ: ಅಲರ್ಜಿ, ತೂಕ, ಇಬ್ಬರ ಫೋನ್ ಸಂಖ್ಯೆ, ಯಾರ ಕೈಗೆ ಮಗು ಒಪ್ಪಿಸಬಹುದು. ಎರಡು ವರ್ಷದೊಳಗಿನವರಾದರೆ, ಸ್ವಂತ ಮಗುವೂ ಸೇರಿ ಒಬ್ಬರಿಗೆ ಮೂವರಿಗಿಂತ ಹೆಚ್ಚು ಬೇಡ. ಐದು ವರ್ಷದೊಳಗಿನವರಿಗೆ ಇಡೀ ಕಡಲೆಬೀಜ, ಬಾದಾಮಿ ಕೊಡಬಾರದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ.

ಅಜ್ಜಿ–ತಾತನ ಗಂಟೆ ಧಾರಾಳವಾಗಿ ಅವರ ಮನೆಯ ಲೆಕ್ಕಕ್ಕೆ ಸೇರಲಿ. ಮಲಗಿಸುವ ರೀತಿಯನ್ನು ಮಾತ್ರ ಮೊದಲೇ ಹೇಳಿಬಿಡಿ: ವರ್ಷದೊಳಗಿನ ಕೂಸನ್ನು ಗಟ್ಟಿ, ಸಮತಟ್ಟು ಹಾಸಿಗೆಯ ಮೇಲೆ ಅಂಗಾತ, ದಿಂಬಿಲ್ಲದೆ. ಬೋರಲು ಮಲಗಿಸಿ ಎಂದು ವೈದ್ಯರೇ ಹೇಳುತ್ತಿದ್ದ ಕಾಲದಲ್ಲಿ ಮಕ್ಕಳನ್ನು ಬೆಳೆಸಿದವರು ಅವರಲ್ಲಿ ಇರಬಹುದು.